ಕನಸಿನಲ್ಲಿ ಕ್ಯಾಚ್ ಹಿಡಿದರೆ ಕಣ್ಣು ಸರಿಯಿದೆ ಅಂತಲ್ಲ

ಒಂದು ಕಣ್ಣು ಮಂದ, ಆದರೆ ಕನಸಿನಲ್ಲಿ ಕನ್ನಡಕ ಇಲ್ಲದೆಯೂ ಎಲ್ಲ ಸ್ಪಷ್ಟ, ದೂರ-ಹತ್ತಿರವೂ ತಿಳಿಯುತ್ತದೆ, ಹಾಗಾದರೆ ಕಣ್ಣು ತಾನಾಗೇ ಸರಿಹೋಗಬಹುದಾ ಅಂತ ಕೇಳಿದ್ದೀರಿ. ಇದೇ ಲೆಕ್ಕ ಹಾಕಿ ನಾನು ಮುಂದಿನ ಹಲ್ಲು ಕಳಕೊಂಡೆ.

ನನ್ನ ಬಲಗಣ್ಣು ಚಿಕ್ಕಂದಿನಿಂದ ಸ್ವಲ್ಪ ಓರೆ. ಮುಂಬೈಯ ಮಾಟುಂಗಾದಲ್ಲಿ ಸೋದರಮಾವನ ಹೋಟೆಲಿನಲ್ಲಿ ಇದ್ದೆ. ಕಾಫಿ ಬಗ್ಗಿಸುವಾಗ ಜಗ್ಗಿನ ಮೂತಿಯನ್ನು ಲೋಟದ ಅಂಚಿಗೆ ತಾಗಿಸಿಕೊಂಡೇ ಬಗ್ಗಿಸಬೇಕು. ಸ್ವಲ್ಪ ಮೇಲಿಂದ ಹೊಯ್ದರೆ ಟೇಬಲ್ಲಿಗೆ ಅಭಿಷೇಕ. "ನಿಂಗೆ ಗಲ್ಲೆಯೇ ಸರಿ ಮಾರಾಯ" ಅಂತ ಮಾವ ಕೌಂಟರಿಗೆ ಕೂರಿಸಿದರು.

ಕನಸಿನಲ್ಲಿ ಮಾತ್ರ ನಾನು ಸ್ಲಿಪ್ ಫೀಲ್ಡರ್! ಚೆಂಡಿನ ಹೊಲಿಗೆ ಕೂಡ ಕಾಣುತ್ತಿತ್ತು, ಸೀದಾ ಅಂಗೈಗೆ ಬಂದು ಕೂರುತ್ತಿತ್ತು. ಮಿದುಳಿಗೆ ಅಂದಾಜು ಇದೆ, ಕಣ್ಣಿಗೆ ಅಭ್ಯಾಸ ಸಾಲದು ಅಷ್ಟೇ ಅಂದುಕೊಂಡೆ. ಡಾಕ್ಟರು ಹೇಳಿದ್ದ ವ್ಯಾಯಾಮ ಬಿಟ್ಟು ಒಂದು ಭಾನುವಾರ ಶಿವಾಜಿ ಪಾರ್ಕಿನಲ್ಲಿ ಸ್ಲಿಪ್ಪಿಗೆ ನಿಂತೆ. ನಾನು ಕೈ ಮುಚ್ಚಿದಾಗ ಚೆಂಡು ಇನ್ನೂ ಬರಬೇಕಿತ್ತು. ಬಂದದ್ದು ಬಾಯಿಗೆ.

ಎಡವಿದ್ದು ಎಲ್ಲಿ ಗೊತ್ತಾ? ಕನಸಿನಲ್ಲಿ ಚೆಂಡು ಎಸೆಯುವವನೂ ನಾನೇ, ಹಿಡಿಯುವವನೂ ನಾನೇ. ಎಲ್ಲಿ ಬೀಳಬೇಕು ಅಂತ ಮೊದಲೇ ತೀರ್ಮಾನ ಆಗಿರುತ್ತದೆ. ದೂರ ಅಳೆಯುವ ಕೆಲಸವೇ ಅಲ್ಲಿಲ್ಲ. ಎಚ್ಚರದಲ್ಲಿ ಹಾಗಲ್ಲ. ಎರಡು ಕಣ್ಣುಗಳ ನಡುವೆ ಸುಮಾರು 6 ಸೆಂಟಿಮೀಟರ್ ಅಂತರ, ಹಾಗಾಗಿ ಎರಡಕ್ಕೂ ಸ್ವಲ್ಪ ಬೇರೆ ಬೇರೆ ಚಿತ್ರ. ಆ ವ್ಯತ್ಯಾಸದಿಂದ ಮಿದುಳು ದೂರ ಲೆಕ್ಕ ಹಾಕುತ್ತದೆ. ನನ್ನ ಮಿದುಳು ಬಲಗಣ್ಣಿನ ಚಿತ್ರವನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ನೆರಳು, ಗಾತ್ರ, ಯಾವುದು ಯಾವುದನ್ನು ಮರೆಮಾಡಿದೆ ಅನ್ನೋದನ್ನು ನೋಡಿ ಒಂದೇ ಕಣ್ಣಿನಲ್ಲಿ ಹೇಗೋ ನಡೆಯುತ್ತದೆ, ವೇಗದ ಚೆಂಡಿಗೆ ಅದು ಸಾಲದು. ಇನ್ನು ಕನಸಿನಲ್ಲಿ ಮಂಜು ಇಲ್ಲ ಅಂತೀರಲ್ಲ, ಅಲ್ಲಿ ಕಣ್ಣಿನೊಳಗೆ ಬೆಳಕೇ ಬರುತ್ತಿಲ್ಲ. ಕನ್ನಡಕದ ನಂಬರಿಗೆ ಏನು ಕೆಲಸ?

ಅಮೆರಿಕದ ಸೂಸನ್ ಬ್ಯಾರಿ ನರವಿಜ್ಞಾನದ ಪ್ರೊಫೆಸರ್ ಆಗಿದ್ದವರು. ಕೂಸಾಗಿದ್ದಾಗಿನಿಂದ ಮೆಳ್ಳೆಗಣ್ಣು. ಎರಡು ಕಣ್ಣಿನ ನೋಟ ಹೇಗಿರುತ್ತದೆ ಅಂತ ಓದಿ, ಪಾಠ ಮಾಡಿ, ತನಗೆ ಗೊತ್ತು ಅಂದುಕೊಂಡಿದ್ದರು. 48ನೇ ವಯಸ್ಸಿನಲ್ಲಿ ಕಣ್ಣಿನ ತರಬೇತಿ ತಗೊಂಡ ಮೇಲೆ, ಕಾರಿನ ಸ್ಟೀರಿಂಗ್ ಡ್ಯಾಶ್‌ಬೋರ್ಡಿನಿಂದ ಈಚೆ ಎದ್ದು ನಿಂತಂತೆ ಕಂಡು ಬೆರಗಾದರು. ಅಷ್ಟು ಓದಿದವರ ಊಹೆಯೇ ಸಾಲಲಿಲ್ಲ ಅಂದಮೇಲೆ ನಮ್ಮ ಕನಸನ್ನು ಏನು ನಂಬೋದು?

ತಾನಾಗೇ ಸರಿಹೋಗಲ್ಲ. ಸುಮ್ನೆ ಕಾಯಬೇಡಿ. ಕಣ್ಣಿನ ಡಾಕ್ಟರ ಹತ್ತಿರ ನೊಣದ ಚಿತ್ರದ ಟೆಸ್ಟ್ ಮಾಡಿಸಿ. ಪೋಲರಾಯ್ಡ್ ಕನ್ನಡಕ ಹಾಕಿಸಿ, ರೆಕ್ಕೆ ಹಿಡಿಯಿರಿ ಅಂತಾರೆ. ಎರಡೂ ಕಣ್ಣು ಸೇರಿ ನೋಡುವವರಿಗೆ ರೆಕ್ಕೆ ಎದ್ದು ನಿಂತಂತೆ ಕಾಣುತ್ತದೆ, ಅವರ ಬೆರಳು ಕಾಗದದಿಂದ ಮೇಲೆ, ಗಾಳಿಯಲ್ಲೇ ಚಿವುಟುತ್ತದೆ. ನನ್ನದು ಸೀದಾ ಕಾಗದಕ್ಕೆ ತಾಗಿತು. ಅಂಗಡಿಯಲ್ಲಿ ಬರೀ ನಂಬರ್ ತೆಗೆಸಿದರೆ ಇದು ಗೊತ್ತಾಗಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅವರನ್ನೂ ಕರಕೊಂಡು ಹೋಗಿ. ಒಳ್ಳೆ ಕಣ್ಣಿಗೆ ಪಟ್ಟಿ ಹಾಕಿ ಮಂದ ಕಣ್ಣಿಗೆ ಕೆಲಸ ಕೊಡುವ ಚಿಕಿತ್ಸೆ 7 ವರ್ಷದೊಳಗೆ ಜಾಸ್ತಿ ಫಲ ಕೊಡುತ್ತದೆ.