ಮೊಮ್ಮಗ ನನ್ನನ್ನ ಬೂಮರ್ ಅಂತಾನೆ!

ಪ್ರಶ್ನೆ: ನಂಗೀಗ 72, ರಿಟೈರ್ ಆಗಿ 12 ವರ್ಷ ಆಯ್ತು. ಊಟಕ್ಕೆ ಕೂತಾಗ ರಾಜಕೀಯ ಬಂದ್ರೆ ಮಗನಿಗೂ ನಂಗೂ ಜಗಳ ಗ್ಯಾರಂಟಿ. ಮೊನ್ನೆ ಮೊಮ್ಮಗ ‘ಬೂಮರ್ ತರ ಆಡ್ಬೇಡಿ ತಾತ’ ಅಂದ, ಎಲ್ರೂ ನಕ್ರು, ನಾನು ತಟ್ಟೆ ಬಿಟ್ಟು ಎದ್ದೋಗಿ ಟಿವಿ ಸೌಂಡ್ ಜೋರು ಮಾಡ್ಕೊಂಡು ಕೂತೆ. ಇದು ಬೈಗುಳಾನಾ?

ಉತ್ತರ: ಅರ್ಧ ಬೈಗುಳ, ಅರ್ಧ ಸಲಿಗೆ ಸಾರ್. ಎರಡನೇ ಮಹಾಯುದ್ಧ ಮುಗಿದ್ಮೇಲೆ 1946ರಿಂದ 1964ರವರೆಗೆ ಅಮೆರಿಕದಲ್ಲಿ ಮಕ್ಕಳು ಹುಟ್ಟೋದು ಸಿಕ್ಕಾಪಟ್ಟೆ ಜಾಸ್ತಿ ಆಗಿತ್ತಲ್ಲ, ಆ ಪೀಳಿಗೆಗೆ ಬೇಬಿ ಬೂಮರ್ ಅಂತ ಹೆಸ್ರು, ಈಗ ಹುಡುಗ್ರು ‘ಹಳೇ ಕಾಲದ ಯೋಚನೆಯವ್ರು’ ಅನ್ನೋ ಅರ್ಥದಲ್ಲಿ ಯಾವ ದೇಶದ ತಾತನಿಗೂ ಅದನ್ನೇ ಅಂಟಿಸ್ತಾರೆ. ಅಮೆರಿಕದ ಅಧ್ಯಕ್ಷರಾದ ಬಿಲ್ ಕ್ಲಿಂಟನ್, ಜಾರ್ಜ್ ಡಬ್ಲ್ಯೂ ಬುಷ್, ಡೊನಾಲ್ಡ್ ಟ್ರಂಪ್ ಮೂವರೂ 1946ರಲ್ಲೇ ಹುಟ್ಟಿದವ್ರು, ಮೂವರ ರಾಜಕೀಯ ಒಂದೇನಾ ಅಂತ ಮೊಮ್ಮಗನನ್ನ ಕೇಳಿ ನೋಡಿ! ವಿಯೆಟ್ನಾಂ ಯುದ್ಧ ಬೇಡ ಅಂತ ಬೀದಿಗಿಳಿದು ಅಪ್ಪಂದಿರ ಜೊತೆ ಕಿತ್ತಾಡಿದ್ದೂ ಇದೇ ಪೀಳಿಗೆಯ ಹುಡುಗ್ರು. 1971ರಲ್ಲಿ ಅಲ್ಲಿ ವೋಟಿನ ವಯಸ್ಸು 21ರಿಂದ 18ಕ್ಕೆ ಇಳೀತು, ಈಗ ಅವ್ರೇ ತಾತಂದಿರು.

ನಂಗೆ ಅನುಮಾನ ಬಂದಿದ್ದು ಮಾತ್ರ ನಿಮ್ಮ ಟಿವಿ ಸೌಂಡ್ ಮೇಲೆ. ವಯಸ್ಸಾದಂತೆ ಮೊದ್ಲು ಹೋಗೋದು ತೆಳು ದನಿಯ ಅಕ್ಷರಗಳು, ಸ, ಶ, ಫ ತರದವು, ದನಿ ಕೇಳ್ಸುತ್ತೆ ಮಾತು ಅರ್ಥ ಆಗಲ್ಲ, ನಾಲ್ಕು ಜನ ಒಟ್ಟಿಗೆ ಮಾತಾಡೋ ಊಟದ ಹೊತ್ತಲ್ಲಂತೂ ಕೇಳ್ಲೇಬೇಡಿ, ಮಗ ಒಂದಂದ್ರೆ ನೀವು ಇನ್ನೊಂದಕ್ಕೆ ರೇಗಿರ್ತೀರ. ಒಂದ್ಸಲ ಕಿವಿ ಟೆಸ್ಟ್ ಮಾಡಿಸಿ. ಆಮೇಲೂ ಜಗಳ ಆದ್ರೆ ಅದು ಅಸಲಿ ರಾಜಕೀಯ, ಧಾರಾಳವಾಗಿ ಆಡಿ, ತಟ್ಟೆ ಮಾತ್ರ ಬಿಟ್ಟು ಏಳ್ಬೇಡಿ.