ಕ್ಲಾಸ್ ಆ್ಯಕ್ಷನ್ ಕೇಸಿನಲ್ಲಿ ಉಳಿದ ಹಣ ಕಾನೂನು ನೆರವಿಗೆ ಹೋಗುವುದೇಕೆ? ನಮಗೇ ಹಂಚಬಾರದಾ?

ನಿಮ್ಮ ಪ್ರಶ್ನೆ ಓದಿದ ಮೇಲೆ ಡ್ರಾಯರ್ ಎಳೆದು ನೋಡಿದೆ. ನನ್ನ ಹೆಸರಿನ ಚೆಕ್ ಇನ್ನೂ ಅಲ್ಲೇ ಬಿದ್ದಿದೆ. 4 ಡಾಲರ್ 17 ಸೆಂಟ್. ಯಾವುದೋ ಹಳೇ ಕ್ಲಾಸ್ ಆ್ಯಕ್ಷನ್ ಕೇಸಿನದು, ಅಂದರೆ ಒಂದೇ ಬಗೆಯ ನಷ್ಟವಾದ ಎಲ್ಲರ ಪರವಾಗಿ ಹಾಕುವ ಒಂದೇ ಕೇಸು. 90 ದಿನದೊಳಗೆ ಬ್ಯಾಂಕಿಗೆ ಹಾಕಬೇಕಿತ್ತು, ಹಾಕಲಿಲ್ಲ. ಎರಡು ವರ್ಷವಾಯಿತು. ನೀವು ಕೇಳಿದ ಉಳಿಕೆ ಹಣ ಅಂದರೆ ಇದೇ: ನನ್ನಂಥ ಸೋಮಾರಿಗಳದ್ದು, ಮನೆ ಬದಲಿಸಿದವರದ್ದು, ಮೋಸದ ಮೇಲ್ ಇರಬೇಕು ಅಂತ ಅಳಿಸಿಹಾಕಿದವರದ್ದು.

ಮೊತ್ತ ದೊಡ್ಡದಿದ್ದರೆ ಎರಡನೇ ಸುತ್ತು ಹಂಚುವುದೂ ಉಂಟು. ಆದರೆ ತಲೆಗೆ 20 ಸೆಂಟ್ ಬರುವ ಹಾಗಿದ್ದರೆ ಅಂಚೆ ಖರ್ಚೇ ಜಾಸ್ತಿ, ಅಲ್ವಾ? ಕಂಪನಿಗೇ ವಾಪಸ್ ಕೊಟ್ಟರೆ ತಪ್ಪು ಮಾಡಿದವರಿಗೇ ಲಾಭ.

ನಾನಿರುವ ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಇದೇ ದೊಡ್ಡ ಜಗಳವಾಗಿತ್ತು. ಇಲ್ಲಿನ ಆರ್ಕೋ ಪೆಟ್ರೋಲ್ ಬಂಕುಗಳಲ್ಲಿ ಡೆಬಿಟ್ ಕಾರ್ಡ್ ಉಜ್ಜಿದರೆ 35 ಸೆಂಟ್ ಹೆಚ್ಚು ಹಿಡಿಯುತ್ತಿದ್ದರು. 35 ಸೆಂಟಿಗೆ ಯಾರು ಕೋರ್ಟ್ ಮೆಟ್ಟಿಲು ಹತ್ತುತ್ತಾರೆ ಹೇಳಿ? ಎಲ್ಲರ ಪರವಾಗಿ ಒಂದೇ ಕೇಸು ಬಿತ್ತು. 2014ರಲ್ಲಿ ಆ ಬಂಕುಗಳ ಹಿಂದಿದ್ದ ಬಿಪಿ ಕಂಪನಿ ಸೋತಿತು. ತಲೆಗೆ 200 ಡಾಲರ್ ಲೆಕ್ಕದಲ್ಲಿ ಒಟ್ಟು 40 ಕೋಟಿ ಡಾಲರ್ ದಾಟಿತು. ಎಲ್ಲರೂ ಬಂದು ಕೇಳುವುದಿಲ್ಲ ಎಂಬುದು ಗೊತ್ತಿದ್ದದ್ದೇ. ಆಗಿನ ಪದ್ಧತಿಯಲ್ಲಿ ಕೇಳದ ಹಣ ಕಂಪನಿಯ ಜೇಬಿಗೇ ಮರಳುತ್ತಿತ್ತು. 2015ರಲ್ಲಿ ಕಾನೂನು ಬದಲಿಸಿದರು: ಉಳಿದದ್ದರಲ್ಲಿ ಕನಿಷ್ಠ ಅರ್ಧ, ರಾಜ್ಯದ ವಕೀಲರ ಸಂಸ್ಥೆಯ ಮೂಲಕ ಬಡವರ ಕಾನೂನು ನೆರವಿಗೆ. ಇಲಿನಾಯ್, ಪೆನ್ಸಿಲ್ವೇನಿಯಾದಲ್ಲೂ ಕನಿಷ್ಠ ಅರ್ಧ. ವಕೀಲರು ಇದಕ್ಕೆ 'ಸೈ ಪ್ರೆ' ಅನ್ನುತ್ತಾರೆ. ಹಳೇ ಫ್ರೆಂಚ್ ಮಾತು, ಮೂಲ ಉದ್ದೇಶಕ್ಕೆ ಆದಷ್ಟು ಹತ್ತಿರ ಅಂತ.

ಕಾನೂನು ನೆರವು ಹೇಗೆ ಹತ್ತಿರ? ಅಮೆರಿಕದಲ್ಲಿ ಜೈಲಿಗೆ ಹಾಕುವಂಥ ಕೇಸಾದರೆ ಬಡವರಿಗೆ ಸರ್ಕಾರವೇ ವಕೀಲರನ್ನು ಕೊಡಬೇಕು. ಮನೆ ಖಾಲಿ ಮಾಡಿಸುವ ಕೇಸಿಗೆ ಹೆಚ್ಚಿನ ಕಡೆ ಆ ಹಕ್ಕಿಲ್ಲ. ನನ್ನ ಗೆಳೆಯನಿಗೆ ಅಂಥ ನೋಟಿಸ್ ಬಂದಾಗ ಉಚಿತ ನೆರವಿನ ಆಫೀಸಿಗೆ ಜೊತೆಗೆ ಹೋಗಿದ್ದೆ. ಅಲ್ಲಿನ ವಕೀಲೆ ಮೊದಲು ಮಾಡಿದ್ದು, ಗೋಡೆಯ ಕ್ಯಾಲೆಂಡರ್ ಮೇಲೆ ಪೆನ್ನಿಟ್ಟು ದಿನ ಎಣಿಸಿದ್ದು. ನೋಟಿಸಿನಲ್ಲಿ ಕೊಟ್ಟ ಗಡುವು ಕಾನೂನಿಗಿಂತ ಎರಡು ದಿನ ಕಡಿಮೆ ಇತ್ತು. ಅಷ್ಟಕ್ಕೇ ಅದು ಬಿದ್ದುಹೋಯಿತು. ನಾವಿಬ್ಬರೂ ಅದನ್ನು ಹತ್ತು ಸಲ ಓದಿದ್ದೆವು! ಒಬ್ಬೊಬ್ಬರೇ ಕೋರ್ಟಿಗೆ ಹೋಗಲಾಗದವರಿಗಾಗಿ ತಾನೇ ಕ್ಲಾಸ್ ಆ್ಯಕ್ಷನ್ ಇರುವುದು? ಉಳಿದ ದುಡ್ಡೂ ಅಂಥವರಿಗೇ ಹೋಗಲಿ ಎಂಬುದು ನನಗೆ ಸರಿ ಅನ್ನಿಸುತ್ತದೆ.

ಹಾಗಂತ ನಿಮ್ಮ ಅನುಮಾನ ಸುಮ್ನೆ ಅಲ್ಲ. ಬಳಕೆದಾರರು ಬೇರೆ ಸೈಟುಗಳಲ್ಲಿ ಮಾಡಿದ್ದನ್ನು ಅವರ ಗೆಳೆಯರಿಗೆ ತೋರಿಸುತ್ತಿದ್ದ ಫೇಸ್‌ಬುಕ್‌ನ 'ಬೀಕನ್' ಸೌಲಭ್ಯದ ಕೇಸಿನಲ್ಲಿ 95 ಲಕ್ಷ ಡಾಲರಿಗೆ ರಾಜಿಯಾಯಿತು. ವಕೀಲರ ಫೀಸು, ಖರ್ಚು ಕಳೆದು ಮಿಕ್ಕಿದ್ದು ಹೊಸ ಪ್ರತಿಷ್ಠಾನಕ್ಕೆ ಹೋಯಿತು. ಸಾಮಾನ್ಯ ಬಳಕೆದಾರರಿಗೆ ಬಿಡಿಗಾಸಿಲ್ಲ. 2013ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ರಾಜಿಯ ವಿರುದ್ಧದ ಮೇಲ್ಮನವಿ ಕೈಗೆತ್ತಿಕೊಳ್ಳಲಿಲ್ಲ, ಆದರೆ ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಇಂಥ ರಾಜಿಗಳ ಬಗ್ಗೆ ಪ್ರತ್ಯೇಕವಾಗಿ ಬರೆದು ಆತಂಕ ಹೇಳಿಕೊಂಡರು. ಬಡಿಸಿದ ಮೇಲೆ ಪಾತ್ರೆಯಲ್ಲಿ ಮಿಕ್ಕಿದ್ದನ್ನು ಕೊಡುವುದು ಬೇರೆ, ಎಲೆಯನ್ನೇ ಹಾಕದೆ ಪಾತ್ರೆ ಎತ್ತಿಕೊಂಡು ಹೋಗುವುದು ಬೇರೆ.

ನಿಮಗೆ ನೋಟಿಸ್ ಬಂದಿದ್ದರೆ ಮೊದಲು ಕ್ಲೇಮ್ ಹಾಕಿ, ಚೆಕ್ ಬಂದ ದಿನವೇ ಬ್ಯಾಂಕಿಗೆ ಹಾಕಿ. ಉಳಿಕೆ ಯಾರಿಗೆ ಎಂಬುದನ್ನು ರಾಜಿ ಒಪ್ಪಂದದಲ್ಲಿ ಹುಡುಕಿ. ಹಿಡಿಸದಿದ್ದರೆ ಗಡುವಿನೊಳಗೆ ಕೋರ್ಟಿಗೆ ಆಕ್ಷೇಪಣೆ ಬರೆದು ಕಳಿಸಬಹುದು.