ಓದುಗರ ಪ್ರಶ್ನೆ: ಒಸಾಕಾದಲ್ಲಿ ಮಗ ಒಂಟಿ

ಪ್ರಶ್ನೆ: ಮಗ ಕೆಲಸಕ್ಕೆಂದು ಜಪಾನಿನ ಒಸಾಕಾದಲ್ಲಿದ್ದಾನೆ. ರಜೆ ಬಂದರೂ ರೂಮಿನಲ್ಲೇ ಇರ್ತಾನೆ, ಗೆಳೆಯರಿಲ್ಲ ಅಂತಾನೆ. ಏನು ಹೇಳಲಿ?
– ಒಬ್ಬ ತಾಯಿ, ಚಿತ್ರದುರ್ಗ

ಉತ್ತರ: ಮೊದಲು ಹಿಮೆಜಿ ಕೋಟೆ ನೋಡಿ ಬಾ ಅನ್ನಿ ಅಮ್ಮ. ಒಸಾಕಾದಿಂದ ರೈಲಿನಲ್ಲಿ ಸುಮಾರು 1 ಗಂಟೆ. 1609ರಲ್ಲಿ ಈಗಿನ ರೂಪಕ್ಕೆ ಬಂದ ಬಿಳಿ ಕೋಟೆ ಅದು, ಶತ್ರು ದಾರಿ ತಪ್ಪಲಿ ಅಂತಲೇ ಬಾಗಿಲ ಮೇಲೆ ಬಾಗಿಲು, ತಿರುವಿನ ಮೇಲೆ ತಿರುವು ಇಟ್ಟು ಕಟ್ಟಿದ್ದಾರೆ, ನಮ್ಮ ಏಳು ಸುತ್ತಿನ ಕೋಟೆ ಹತ್ತಿ ಬೆಳೆದ ಹುಡುಗನಿಗೆ ಖಂಡಿತ ಹಿಡಿಸುತ್ತೆ. ಒಳಗೆ ಶೂ ಬಿಚ್ಚಿ ಕೈಯಲ್ಲಿ ಹಿಡಿದು ಕಡಿದಾದ ಮರದ ಮೆಟ್ಟಿಲು ಹತ್ತಬೇಕು.

ಆದರೆ ಗೆಳೆತನಕ್ಕೆ ಸುತ್ತಾಟ ಸಾಲದು. ಜಪಾನಿನ ಸುಮಾರು ಊರುಗಳಲ್ಲಿ ಅಂತಾರಾಷ್ಟ್ರೀಯ ವಿನಿಮಯ ಸಂಘಗಳಿವೆ, ಅಂದರೆ ಊರಿನವರೂ ಹೊರದೇಶದವರೂ ಬೆರೆಯುವ ಸಂಘಗಳು. ಸ್ವಯಂಸೇವಕರು ಕಡಿಮೆ ದುಡ್ಡಿಗೆ, ಕೆಲವು ಕಡೆ ಪುಕ್ಕಟೆಯಾಗಿ, ಜಪಾನಿ ಮಾತು ಕಲಿಸುತ್ತಾರೆ. ವಾರ ವಾರ ಅದೇ ಮುಖಗಳು ಸಿಕ್ಕಿದರೆ ತಾನೇ ಸಲಿಗೆ ಬೆಳೆಯೋದು, ಅಲ್ವಾ? ತನ್ನ ವಾರ್ಡ್ ಕಚೇರಿಯಲ್ಲಿ ಈ ವಾರವೇ ವಿಚಾರಿಸಲಿ.